ಇಬ್ಬರಿಗೂ ಸೇರಿ ಒಂದು ನಾಣ್ಯ

ನಮ್ಮ ಚಿಕ್ಕಮ್ಮನಿಗೆ ಹೆದರಿ ಸ್ಯಾನ್ ಹೊಸೆಯ ಒಂದು ಇಂಡಿಯನ್ ಗ್ರೋಸರಿ ಅಂಗಡಿಯವರು ತಮ್ಮ ಗಲ್ಲಾದಲ್ಲಿ ಹೊಸದೊಂದು ಖಾನೆ ಮಾಡಿಸಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಖಾನೆಯಲ್ಲ, ಗಲ್ಲಾದ ಪಕ್ಕದಲ್ಲಿ ಒಂದು ಖಾಲಿ ಮೊಸರಿನ ಡಬ್ಬಿ ಇಟ್ಟಿದ್ದಾರೆ, ಅಷ್ಟೆ. ಆದರೂ ಮಂಡ್ಯದಿಂದ ಬಂದು ಇನ್ನೂ ಐದು ತಿಂಗಳು ತುಂಬದ ಹೆಂಗಸೊಬ್ಬಳು ಅಮೆರಿಕದಂಥ ದೇಶದಲ್ಲಿ ತನಗಾಗಿ ಒಂದು ಮೊಸರಿನ ಡಬ್ಬಿ ಇಡಿಸುವುದೆಂದರೆ ಸಾಮಾನ್ಯದ ಮಾತೇ?

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ತಾಯಿ ಹೋದಾಗ ನನಗೆ ಐದು ವರ್ಷ. ಚಿಕ್ಕಮ್ಮ ನನ್ನನ್ನು ಕಾಗದಪತ್ರ ಮಾಡಿಸಿಯೇ ದತ್ತು ತೆಗೆದುಕೊಂಡಳು. ಆಮೇಲೆ ಯಾರಾದರೂ ಆಕೆಯ ಎದುರು ಮದುವೆಯ ಮಾತೆತ್ತಿದರೆ, "ಸೀಟಿಲ್ಲ, ಹಿಂದಿನ್ ಬಸ್ಸಿಗೆ ಬನ್ನಿ" ಎನ್ನುತ್ತಿದ್ದಳು. ಆಕೆ ಸರ್ಕಾರಿ ಬಸ್ಸಿನ ಕಂಡಕ್ಟರು. ಹೆಂಗಸರು ಕಂಡಕ್ಟರಾಗುವುದನ್ನು ಜನ ಬಾಯಿಬಿಟ್ಟುಕೊಂಡು ನೋಡುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿ, ಮೊನ್ನೆ ಮೊನ್ನೆ ರಿಟೈರಾದಳು. ಆಕೆಯೇನೋ ಬಸ್ಸಿನಿಂದ ಇಳಿದಳು. ಬಸ್ಸು ಆಕೆಯಿಂದ ಇಳಿದಿಲ್ಲ!

ಊರಂಚಿನ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಕಾರಿನಲ್ಲಿ ಚಿಕ್ಕಮ್ಮ ಇವತ್ತಿಗೂ ಮುಂದಿನ ಸೀಟಿನಲ್ಲಿ ಕೂರುವುದಿಲ್ಲ. ಹಿಂದೆ, ಬಾಗಿಲ ಪಕ್ಕದ ಸೀಟೇ ಆಗಬೇಕು. ಆಕೆ "ರೈಈಟ್!" ಎನ್ನುವವರೆಗೆ ಗಾಡಿ ಹೊರಡುವಂತಿಲ್ಲ. ಒಂದು ದಿನ ಬೆಟ್ಟದ ರಸ್ತೆಯಲ್ಲಿ ಬರುವಾಗ ಇದ್ದಕ್ಕಿದ್ದಂತೆ "ಹೋಲ್ಡಾನ್!" ಎಂದು ಕೂಗಿದಳು. ನನ್ನ ಗಂಡ ಗಾಬರಿಯಿಂದ ಬ್ರೇಕು ಒತ್ತಿದರು. ನೋಡಿದರೆ ರಸ್ತೆ ರಿಪೇರಿಯವನೊಬ್ಬ ನಿಧಾನವಾಗಿ ಹೋಗಿ ಎಂದು ಬಾವುಟ ಬೀಸುತ್ತಿದ್ದಾನೆ. "ಕೈ ಅಡ್ಡ ಹಾಕವ್ನಲ್ಲಪ್ಪ, ಹತ್ತಿಸ್ಕಳದ್ ಬ್ಯಾಡ್ವಾ?" ಎಂದು ಚಿಕ್ಕಮ್ಮ ನನ್ನ ಗಂಡನನ್ನೇ ಗದರಿಸಿದಳು.

ಕಂಡಕ್ಟರಿಗೂ ಚಿಲ್ಲರೆಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಬೆಳಗಿನ ಮೊದಲ ಟ್ರಿಪ್ಪಿಗೆ ಎಲ್ಲರೂ ಮಾತಾಡಿಕೊಂಡವರಂತೆ ನೂರರ ನೋಟು ಹಿಡಿದೇ ಹತ್ತುತ್ತಾರೆ. ಚಿಕ್ಕಮ್ಮ ಟಿಕೆಟ್ಟಿನ ಹಿಂದೆ ಬಾಕಿ ಬರೆದು, ಅದರ ಸುತ್ತ ಒಂದು ಸೊನ್ನೆ ಎಳೆದು, "ಇಳಿಯೋವಾಗ ಈಸ್ಕಳಿ" ಎನ್ನುತ್ತಿದ್ದಳು. ಬಾಕಿ ಕೊಟ್ಟಮೇಲೆ ಆ ಸೊನ್ನೆಗೆ ಒಂದು ಅಡ್ಡಗೀಟು. ಇದೂ ಸಾಲದಾದಾಗ ಇನ್ನೊಂದು ಉಪಾಯವಿತ್ತು. ಒಬ್ಬನಿಗೆ ಐದು ರೂಪಾಯಿ ಕೊಡಬೇಕು, ಇನ್ನೊಬ್ಬಳಿಗೂ ಐದು ಕೊಡಬೇಕು, ಬ್ಯಾಗಿನಲ್ಲಿರುವುದು ಹತ್ತರದು ಒಂದೇ ನೋಟು. ಅದನ್ನು ಇಬ್ಬರಲ್ಲಿ ಒಬ್ಬರ ಕೈಗೆ ತುರುಕಿ, "ಇಬ್ರಿಗೂ ಸೇರಿ! ಇಳಿದ್ಮೇಲೆ ಹಂಚ್ಕಳಿ" ಎಂದು ಮುಂದಿನ ಸೀಟಿಗೆ ಹೋಗಿಬಿಡುವುದು! ಆಮೇಲೆ ಆ ಇಬ್ಬರು ಅಪರಿಚಿತರು ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಕಣ್ಣಲ್ಲೇ ಕಾಯಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಇಳಿಯುವಂತಿಲ್ಲ. ಹೀಗೆ ಜೊತೆಯಾಗಿ ಇಳಿದ ಒಂದು ಜೋಡಿ ಮದುವೆಯೇ ಆಗಿ, ಲಗ್ನಪತ್ರಿಕೆ ಡಿಪೋಗೆ ಬಂದಿತ್ತು ಎಂದು ಚಿಕ್ಕಮ್ಮ ಹೇಳುತ್ತಾಳೆ. ನಿಜವೋ ಸುಳ್ಳೋ, ಕೇಳುವ ಧೈರ್ಯ ನನಗಿಲ್ಲ.

ಇಂಥವಳನ್ನು ನಾನು ಕರೆತಂದು ಕೂರಿಸಿದ್ದಾದರೂ ಎಲ್ಲಿ? ಎಲ್ಲರೂ ಕಾರ್ಡು ಉಜ್ಜುವ, ಫೋನು ತೋರಿಸಿ ನಡೆದುಬಿಡುವ ಊರಿನಲ್ಲಿ! ಗ್ರೀನ್ ಕಾರ್ಡು ಬಂತು, ನಾನು ಪಾಯಸ ಮಾಡಿದೆ. ಚಿಕ್ಕಮ್ಮ ಪಾಯಸ ತಿಂದು, ಲೋಟ ತೊಳೆದಿಟ್ಟು, "ಯುಗಾದಿಗೆ ಮುಂಚೆ ನಾನು ಊರಿಗೆ ಹೊಯ್ತೀನಿ ಮಗಾ. ಆ ಕಾರ್ಡು ಅವರಿಗೇ ವಾಪಸ್ ಕೊಟ್ಬುಡು" ಅಂದಳು.

"ಯಾಕೆ ಚಿಕ್ಕಮ್ಮ? ಏನು ಕಡಿಮೆಯಾಯಿತು ನಿನಗೆ?"

"ಏನೂ ಕಮ್ಮಿಯಾಗಿಲ್ಲ. ದಿನಕ್ಕೆ ಸಾವ್ರ ಕೈಗೆ ಕೊಟ್ಟು, ಸಾವ್ರ ಕೈಯಿಂದ ಈಸ್ಕಂಡೋಳು ನಾನು. ಇಲ್ಲಿ ಕೈಗೆ ಕೈಯೇ ತಾಕಲ್ವಲ್ಲೇ."

ನಾನು ಗೋಗರೆದೆ, ಮುನಿಸಿಕೊಂಡೆ, ಒಂದು ದಿನ ಊಟ ಬಿಟ್ಟೆ. ಸಂಜೆ ಆಕೆ ಮುದ್ದೆ, ಬಸ್ಸಾರು ಮಾಡಿದ್ದರಿಂದ ಉಪವಾಸವೂ ಮುರಿದುಬಿತ್ತು. ಆಕೆಯ ಮನಸ್ಸು ಮಾತ್ರ ಅಲ್ಲಾಡಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ನನ್ನ ಪಾಲಿಗೆ ಈ ಭೂಮಿಯ ಮೇಲೆ ತಾಯಿ ಎಂದು ಇರುವವಳು ಇವಳೊಬ್ಬಳೇ.

ಪರಿಸ್ಥಿತಿ ಹೀಗಿರುವಾಗ ಕಥೆಯೊಳಕ್ಕೆ ಡಾಲರ್ ನಾಣ್ಯ ಬಂತು.

ಒಂದು ಶನಿವಾರ ಚಿಕ್ಕಮ್ಮನಿಗೆ ಲೈಟ್ ರೈಲು ತೋರಿಸೋಣವೆಂದು ಸ್ಟೇಷನ್ನಿಗೆ ಕರೆದುಕೊಂಡು ಹೋದೆವು. ಅದು ಊರೊಳಗೇ ಓಡಾಡುವ ಪುಟ್ಟ ರೈಲು. ಅಲ್ಲಿ ಕಂಡಕ್ಟರಿಲ್ಲ, ಟಿಕೆಟ್ಟಿಗೆ ಒಂದು ಮಷೀನು. ಕಂಡಕ್ಟರಿಲ್ಲವೆಂದು ತಿಳಿದೊಡನೆ ಚಿಕ್ಕಮ್ಮನ ಮುಖ ಸಣ್ಣದಾಯಿತು. ನಾನು ಒಂದು ಡಾಲರಿನ ಸೀನಿಯರ್ ಟಿಕೆಟ್ಟಿಗೆಂದು ಹತ್ತು ಡಾಲರಿನ ನೋಟು ತೂರಿಸಿದೆ. ಮಷೀನು ಗೊರಗೊರ ಎಂದು, ಕೆಳಗಿನ ಬಟ್ಟಲಿಗೆ ಠಣ್ ಠಣ್ ಎಂದು ಹಳದಿ ನಾಣ್ಯಗಳನ್ನು ಉದುರಿಸಿತು. ಒಂದೊಂದೂ ಒಂದೊಂದು ಡಾಲರು! ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು, ಇಂಥ ನಾಣ್ಯವೊಂದು ಇದೆಯೆಂದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಚಿಕ್ಕಮ್ಮ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದಳು. ನಾಣ್ಯದ ಮೇಲೆ ಬೆನ್ನಿಗೆ ಕೂಸು ಕಟ್ಟಿಕೊಂಡು ಹಿಂದಿರುಗಿ ನೋಡುತ್ತಿರುವ ಹೆಂಗಸು.

"ಡ್ಯೂಟಿಗೆ ಹೊಂಟವ್ಳೆ ಕನೆ ಇವ್ಳು. ಮಗೀನ ನೋಡ್ಕಳೋರಿಲ್ಲ, ಪಾಪ" ಅಂದಳು.

ಶಾಲೆಗೆ ರಜೆಯಿದ್ದಾಗ ನಾನೂ ಹೀಗೆಯೇ ಆಕೆಯ ಜೊತೆ ಡ್ಯೂಟಿಗೆ ಹೋದವಳು. ಅದನ್ನು ಹೇಳಹೊರಟೆ. ಆದರೆ ಚಿಕ್ಕಮ್ಮ ಆಗಲೇ ಇನ್ನೊಂದು ಹತ್ತರ ನೋಟಿಗೆ ಕೈಚಾಚಿದ್ದಳು.

ರೈಲು ಬಂತು, ರೈಲು ಹೋಯಿತು. ನಾವು ಮಷೀನಿನ ಮುಂದೆಯೇ ಇದ್ದೆವು. ಮನೆಗೆ ಬರುವಾಗ ಆಕೆಯ ಹತ್ತಿರ ಮೂವತ್ತಾರು ನಾಣ್ಯಗಳೂ ನಾಲ್ಕು ಟಿಕೆಟ್ಟುಗಳೂ ಇದ್ದವು. ರೈಲು ಮಾತ್ರ ಹತ್ತಲಿಲ್ಲ.

ಮನೆಗೆ ಬಂದ ಮೇಲೆ ವಿಚಾರಣೆ ಶುರುವಾಯಿತು. ಇಷ್ಟು ಲಕ್ಷಣವಾದ ನಾಣ್ಯ ಇದ್ದೂ ಜನ ಯಾಕೆ ಬಳಸುವುದಿಲ್ಲ? ಹರಿಯುವುದಿಲ್ಲ, ನೆನೆಯುವುದಿಲ್ಲ. ನನಗೆ ಗೊತ್ತಿರಲಿಲ್ಲ. ನನ್ನ ಗಂಡನನ್ನು ಮುಂದೆ ತಳ್ಳಿದೆ. ಅವರು ಪ್ಲೆಸೆಂಟನ್ನಿನಲ್ಲಿ ಸಂಬಳದ ಸಾಫ್ಟ್‌ವೇರು ಮಾಡುವ ಆಫೀಸಿನವರು, ದುಡ್ಡಿನ ವಿಷಯ ತಿಳಿದಿರಬೇಕು ಎಂದು ನನ್ನ ಅಂದಾಜು.

"ನೋಡಿ ಅತ್ತೆ," ಅವರು ಮೀಟಿಂಗಿನಲ್ಲಿ ಕೂತವರಂತೆ ಶುರುಮಾಡಿದರು. "ಡಾಲರ್ ನೋಟು ಇದೆ. ನೋಟು ಹಗುರ. ಅದಕ್ಕೆ ಜನ ಕಾಯಿನ್ ಕೇಳಲ್ಲ. ಜನ ಕೇಳಲ್ಲ ಅಂತ ಅಂಗಡಿಯವರು ಇಡಲ್ಲ. ಅಂಗಡಿಯವರು ಇಡಲ್ಲ ಅಂತ ಬ್ಯಾಂಕಿನವರು ತರಿಸಲ್ಲ. ಬ್ಯಾಂಕಿನವರು ತರಿಸಲ್ಲ ಅಂತ ಜನ ಕೇಳಲ್ಲ."

"ಇದು ರಿಂಗ್ ರೋಡಾಯ್ತಲ್ಲಪ್ಪ. ಇಳಿಯೋ ಸ್ಟಾಪು ಎಲ್ಲಿ?" ಎಂದು ಚಿಕ್ಕಮ್ಮ ಕೇಳಿದಳು.

ಅವರು ಇನ್ನೊಂದು ಸುತ್ತು ಹೊಡೆದರು. ಸ್ಟಾಪು ಸಿಗಲಿಲ್ಲ. ಮೂರನೆಯ ಸುತ್ತಿಗೆ ಹೊರಟವರು ಅರ್ಧ ದಾರಿಯಲ್ಲಿ ನಿಂತು, "ಹೌದು, ಮೊದಲು ಯಾರು ನಿಲ್ಲಿಸಿದ್ದು?" ಎಂದು ನನ್ನನ್ನೇ ಕೇಳಿದರು. ನನಗೆ ಹೇಗೆ ಗೊತ್ತಿರಬೇಕು?

ಚಿಕ್ಕಮ್ಮ ತೀರ್ಪು ಕೊಟ್ಟಳು. "ಯಾರೂ ಕೊಡ್ತಿಲ್ಲ, ಅದ್ಕೇ ಓಡ್ತಿಲ್ಲ. ಇವರ ಹತ್ರ ಕಂಡಕ್ಟರ್ ಇಲ್ಲ ಕನವ್ವ. ನಾನು ಓಡಿಸ್ತೀನಿ ನೋಡು." ನಾಣ್ಯಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಎಲ್ಲಿಂದಲೋ ಉಗುರುಬಣ್ಣ ತಂದು, ಪ್ರತಿಯೊಂದಕ್ಕೂ ಒಂದು ಕೆಂಪು ಚುಕ್ಕಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನಾನು ಕೊಟ್ಟಿದ್ದು ಒಂದಾದ್ರೂ ತಿರುಗಿ ನನ್ನ ಕೈಗೆ ಬರ್ಲಿ. ಅವತ್ತೇ ನನ್ನ ಪ್ಲೇನ್ ಟಿಕೆಟ್ ಕ್ಯಾನ್ಸಲ್ ಮಾಡ್ಸು. ಬರ್ನಿಲ್ಲ, ಯುಗಾದಿಗೆ ನಾನು ಮಂಡ್ಯದಲ್ಲಿ" ಅಂದಳು.

ಬರೀ ಒಂದು ನಾಣ್ಯ! ಎಷ್ಟು ಸುಲಭ ಅಂದುಕೊಂಡೆ ನಾನು. ದಡ್ಡಿ.

ಮೊದಲ ಪ್ರಯೋಗ ಗ್ರೋಸರಿಯಲ್ಲಿ. ಅಲ್ಲಿ ಬಿಲ್ಲು ಹಾಕುವವಳು ಮರಿಸೋಲ್ ಎಂಬ ಮೆಕ್ಸಿಕೋ ಕಡೆಯ ಹುಡುಗಿ. ಚಿಕ್ಕಮ್ಮ ನುಗ್ಗೆಕಾಯಿಗೆ ಆರು ನಾಣ್ಯ ಎಣಿಸಿ ಅವಳ ಅಂಗೈಯಲ್ಲಿಟ್ಟಳು. ಮರಿಸೋಲ್ ಗಲ್ಲಾ ತೆರೆದು ನೋಡಿದಳು. ಪೆನಿ, ನಿಕ್ಕಲ್, ಡೈಮ್, ಕ್ವಾರ್ಟರ್ ಎಂಬ ಸೆಂಟಿನ ನಾಣ್ಯಗಳಿಗೆ ಒಂದೊಂದು ಖಾನೆಯಿದೆ. ಮಿಕ್ಕ ಒಂದು ಖಾನೆಯಲ್ಲಿ ರಬ್ಬರ್ ಬ್ಯಾಂಡು. ಡಾಲರ್ ನಾಣ್ಯಕ್ಕೆ ಜಾಗವೇ ಇಲ್ಲ! ಅವಳು ಮ್ಯಾನೇಜರನ್ನು ಕರೆದಳು. ಮ್ಯಾನೇಜರ್ ನಾಣ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, ಮಕ್ಕಳಾಟದ ಟೋಕನ್ನೇ ಎಂದು ಕೇಳಿದ. ನನ್ನ ಹಿಂದಿನ ಸಾಲು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ಮೊಸರಿನ ಫ್ರಿಜ್ಜಿನವರೆಗೆ ಬೆಳೆಯಿತು. ಚಿಕ್ಕಮ್ಮ ಆ ಸಾಲಿಗೆ ಮುಖಮಾಡಿ, "ವಸಿ ಒಳಿಕ್ಕೆ ಹೋಗಿ, ಒಳಿಕ್ಕೆ ಹೋಗಿ, ಜಾಗ ಅದೆ" ಎಂದಳು. ಆಶ್ಚರ್ಯವೆಂದರೆ ಜನ ಹೋದರು! ಮಾರನೆಯ ವಾರದಿಂದ ಮೊಸರಿನ ಡಬ್ಬಿ ಬಂತು.

ಡಬ್ಬಿ ಬಂತು ಸರಿ, ಆದರೆ ಅದರೊಳಗಿಂದ ಒಂದು ನಾಣ್ಯವೂ ಹೊರಗೆ ಬರಲಿಲ್ಲ. ನಾವು ವಾರವಾರ ಹೋಗುತ್ತೇವೆ, ಚಿಕ್ಕಮ್ಮ ಹಾಕುತ್ತಾಳೆ, ಮರಿಸೋಲ್ ನಗುತ್ತಾಳೆ, ಚಿಲ್ಲರೆ ಮಾತ್ರ ನೋಟಿನಲ್ಲೇ ಬರುತ್ತದೆ. ಎಲ್ಲಿಗೆ ಹೋಗುತ್ತವೆ ಇವು?

ಈ ನಡುವೆ ನನ್ನ ಏಳು ವರ್ಷದ ಮಗಳ ಹಲ್ಲು ಬಿತ್ತು. ಚಿಕ್ಕಮ್ಮ ಒಂದು ನಾಣ್ಯ ಕೊಟ್ಟು, "ಸ್ಕೂಲಲ್ಲಿ ಏನಾರ ತಗಂಡು ಖರ್ಚು ಮಾಡು ಪುಟ್ಟಿ" ಅಂದಳು.

"ಅಜ್ಜೀ, ನೋ! ದಿಸ್ ಈಸ್ ಟೂತ್ ಫೇರಿ ಮನಿ! ಯು ಡೋಂಟ್ ಸ್ಪೆಂಡ್ ಇಟ್!" ಎಂದು ಮಗಳು ಕಿರುಚಿ, ಅದನ್ನು ಸಾಕ್ಸಿನೊಳಗಿಟ್ಟು ಗಂಟು ಹಾಕಿದಳು. ಹಲ್ಲು ಕೊಂಡೊಯ್ಯುವ ಕಿನ್ನರಿ ಇಲ್ಲಿ ಡಾಲರ್ ನಾಣ್ಯವನ್ನೇ ಇಟ್ಟುಹೋಗುತ್ತಾಳಂತೆ. ಅದನ್ನು ಖರ್ಚು ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಅವಳು ನನ್ನ ಕಡೆ ಎಂಥ ನೋಟ ಬೀರಿದಳೆಂದರೆ ಆ ಸಾಕ್ಸನ್ನು ನಾನೇ ಅವಳ ದಿಂಬಿನ ಕೆಳಗಿಟ್ಟು ಬಂದೆ.

ಇನ್ನೊಂದು ಭಾನುವಾರ ಹೇವರ್ಡಿನಲ್ಲಿ ಕನ್ನಡದವರ ಕೂಟ. ಚಿಕ್ಕಮ್ಮನಿಗೆ ಕಾಫಿ ಮೇಜಿನ ಉಸ್ತುವಾರಿ. ಕಾಫಿಗೆ ಒಂದೂವರೆ ಡಾಲರು. ಅಲ್ಲಿಗೆ ಬಂದವರಲ್ಲಿ ಹಾಸನದ ರಾಯರೊಬ್ಬರು, ಮೈಸೂರಿನ ಖಾನ್ ಸಾಹೇಬರೊಬ್ಬರು. ಯಾವುದೋ ಪಿಕ್‌ನಿಕ್ಕಿನ ಪಾರ್ಕಿಂಗಿನ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ದುರದೃಷ್ಟವಶಾತ್ ಇಬ್ಬರೂ ಒಬ್ಬರ ಹಿಂದೊಬ್ಬರು ಎರಡೆರಡು ಡಾಲರ್ ಕೊಟ್ಟರು. ಚಿಕ್ಕಮ್ಮನ ಹತ್ತಿರ ಅರ್ಧ ಡಾಲರಿನ ಚಿಲ್ಲರೆ ಇರಲಿಲ್ಲ. ಒಂದು ಕ್ಷಣ ಯೋಚಿಸಿದಳು. ಚುಕ್ಕಿಯಿಟ್ಟ ಒಂದು ನಾಣ್ಯ ತೆಗೆದು ರಾಯರ ಕೈಗೆ ತುರುಕಿ, "ಇಬ್ರಿಗೂ ಸೇರಿ! ಹಂಚ್ಕಳಿ!" ಎಂದು ಮುಂದಿನ ಲೋಟಕ್ಕೆ ಹೋಗಿಬಿಟ್ಟಳು.

ಖಾನ್ ಸಾಹೇಬರು ರಾಯರ ಕೈಯನ್ನೇ ನೋಡುತ್ತ ನಿಂತರು. ರಾಯರು ಚಾವಣಿ ನೋಡಿದರು. ಅರ್ಧ ಗಂಟೆಯ ಮೇಲೆ ನೋಡುತ್ತೇನೆ, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದಾರೆ! ಇದನ್ನು ಕಂಡು ನನಗೆ ಚಿಕ್ಕಮ್ಮನ ಲಗ್ನಪತ್ರಿಕೆಯ ಕಥೆಯ ಮೇಲೂ ನಂಬಿಕೆ ಬಂತು. ಆದರೆ ಆ ನಾಣ್ಯ? ಅದೂ ಹಿಂದಿರುಗಲಿಲ್ಲ.

ಯುಗಾದಿ ಹತ್ತಿರವಾಯಿತು. ಚಿಕ್ಕಮ್ಮನ ಸೂಟ್‌ಕೇಸು ಅಟ್ಟದಿಂದ ಕೆಳಗಿಳಿಯಿತು. ಅದರಲ್ಲಿ ಮೊದಲ ಸೀರೆ ಮಡಿಸಿಟ್ಟಿದ್ದನ್ನು ಕಂಡ ದಿನ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಒಂದು ನಿರ್ಧಾರಕ್ಕೆ ಬಂದೆ. ನಾಣ್ಯ ತಾನಾಗಿ ಬರದಿದ್ದರೆ ನಾನೇ ತರಿಸಬೇಕು!

ಮೊದಲು ರಾಯರಿಗೆ ಫೋನು ಮಾಡಿದೆ. "ಅಯ್ಯೋ, ಅದು ಕಾರಿನ ಡ್ಯಾಶ್‌ಬೋರ್ಡಿನ ಮೇಲಿದೆಯಮ್ಮ. ಸಾಹೇಬರ ಅರ್ಧ ಪಾಲಿದೆಯಲ್ಲ, ನಾನೊಬ್ಬನೇ ಕೊಡೋದು ಹೇಗೆ?" ಅಂದರು. ಸಾಹೇಬರಿಗೆ ಫೋನು ಮಾಡಿದರೆ, "ಅವರ ಹತ್ರಾನೇ ಇರ್ಲಿ ಬಿಡಮ್ಮಾ. ಅದನ್ನ ವಸೂಲು ಮಾಡೋ ನೆಪದಲ್ಲಿ ವಾರಕ್ಕೊಂದು ಸಲ ಹೋಗಿ ಚಹಾ ಕುಡ್ಕೊಂಡು ಬರ್ತೀನಿ" ಅಂದರು. ಮಗಳು ಸಾಕ್ಸು ಕೊಡಲಿಲ್ಲ. ಮರಿಸೋಲಳನ್ನು ವಿಚಾರಿಸಿದಾಗ ಗುಟ್ಟು ಹೊರಬಂತು. ಸಂಜೆಯಾದರೆ ಅವಳೇ ತನ್ನ ಪರ್ಸಿನಿಂದ ಅಷ್ಟೇ ನೋಟು ಗಲ್ಲಾಕ್ಕೆ ಹಾಕಿ, ಡಬ್ಬಿಯ ನಾಣ್ಯಗಳನ್ನು ಮನೆಗೆ ಒಯ್ಯುತ್ತಿದ್ದಳಂತೆ. ಅವಳಮ್ಮ ಅವನ್ನು ಮೇರಿಯಮ್ಮನ ಪಟದ ಮುಂದೆ ಜೋಡಿಸಿಟ್ಟಿದ್ದಾಳಂತೆ. ಒಂದು ಡಾಲರಿಗೆ ಐದು ಡಾಲರ್ ಕೊಡುತ್ತೇನೆ ಎಂದೆ. ಮರಿಸೋಲ್ ತಲೆಯಾಡಿಸಿ, ದೇವರ ಮುಂದಿಟ್ಟಿದ್ದನ್ನು ಅಮ್ಮ ಮುಟ್ಟಗೊಡುವುದಿಲ್ಲ ಎಂದಳು. ಒಂದಕ್ಕೆ ಐದು ಕೊಟ್ಟರೂ ಮಾರುವವರಿಲ್ಲ! ಇದೆಂಥ ದುಡ್ಡು?

ಉಳಿದಿದ್ದು ಕಳ್ಳದಾರಿ ಒಂದೇ. ಆಫೀಸಿನ ಊಟದ ಹೊತ್ತಿನಲ್ಲಿ ಅದೇ ಸ್ಟೇಷನ್ನಿಗೆ ಹೋಗಿ, ಅದೇ ಮಷೀನಿನಿಂದ ಅದೇ ಕೂಸು ಹೊತ್ತ ಹೆಂಗಸಿನ ನಾಣ್ಯ ತೆಗೆದು, ನನ್ನ ಉಗುರುಬಣ್ಣದಿಂದ ಕೆಂಪು ಚುಕ್ಕಿ ಇಟ್ಟೆ. ಮರಿಸೋಲಳ ಕೈಗೆ ಕೊಟ್ಟು, ಸಂಜೆ ನಾವು ಬಂದಾಗ ಚಿಲ್ಲರೆಯ ಜೊತೆ ಕೊಡು ಎಂದು ಬೇಡಿಕೊಂಡೆ.

ಸಂಜೆ ಚಿಕ್ಕಮ್ಮನ ಜೊತೆ ಹೋದೆ. ಮರಿಸೋಲ್‌ಗೆ ನಟನೆ ಬರುವುದಿಲ್ಲ. ನಾಣ್ಯವನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ಎತ್ತಿ ಕೊಟ್ಟಳು. ಚಿಕ್ಕಮ್ಮ ತೆಗೆದುಕೊಂಡಳು, ನೋಡಿದಳು, ಸೀರೆಯ ಸೆರಗಿಗೆ ಕಟ್ಟಿದಳು. ಗೆದ್ದೆನೇ? ಸೋತೆನೇ? ಪಾರ್ಕಿಂಗಿಗೆ ಬಂದು ಕಾರಿನಲ್ಲಿ ಕೂತೆವು, ನಾನು ಮುಂದೆ, ಆಕೆ ಎಂದಿನಂತೆ ಹಿಂದೆ. "ರೈಟ್" ಬರಲಿಲ್ಲ.

"ಮಿಂಚು ಎಲ್ಲೇ?" ಎಂದು ಹಿಂದಿನಿಂದ ಕೇಳಿತು.

"ಯಾವ ಮಿಂಚು?"

"ನಾನು ಇಟ್ಟಿದ್ದು ಪುಟ್ಟಿದು, ಮಿಣಮಿಣ ಅನ್ನೋ ಬಣ್ಣ. ಇದು ನಿಂದು. ಖೋಟಾ ನೋಟು ಹಿಡಿಯೋದ್ರಲ್ಲಿ ನಮ್ಮ ಡಿಪೋಗೇ ಫಸ್ಟು ನಾನು. ನಂಗೇ ಯಾಮಾರಿಸ್ತೀಯಾ?"

ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು. ತಿರುಗಿ ಕೂತು ಬಾಯಿಗೆ ಬಂದಂತೆ ಅಂದುಬಿಟ್ಟೆ. "ಮತ್ತೆ ಏನು ಮಾಡಲಿ ಚಿಕ್ಕಮ್ಮ? ನೀನು ಕೊಟ್ಟಿದ್ದನ್ನ ಯಾರೂ ವಾಪಸ್ ಕೊಡ್ತಿಲ್ಲ! ಖರ್ಚೂ ಮಾಡ್ತಿಲ್ಲ! ಎಲ್ಲರೂ ಇಟ್ಕೊಂಡಿದಾರೆ! ನಾನೇ ಮಾಡಿಲ್ಲ, ಇನ್ನ ಅವರೆಲ್ಲಿ ಮಾಡ್ತಾರೆ?"

"ನಿಂಗ್ಯಾವಾಗ ಕೊಟ್ಟೆ ನಾನು?"

ಪರ್ಸು ತೆಗೆದೆ. ಡ್ರೈವಿಂಗ್ ಲೈಸೆನ್ಸಿನ ಹಿಂದಿನ ಜಿಪ್ಪಿನಲ್ಲಿ ಒಂದು ಹಳೇ ಬಸ್ ಟಿಕೆಟ್ಟಿದೆ, ಅದರಲ್ಲಿ ಸುತ್ತಿದ ಒಂದು ನಾಣ್ಯವಿದೆ. ಆ ಕಾಲದ ದಪ್ಪ ಐದು ರೂಪಾಯಿ. ಚಿಕ್ಕಮ್ಮ ಮೊದಲ ದಿನ ಡ್ಯೂಟಿಗೆ ಹೊರಟಾಗ ನಾನು ಬಾಗಿಲಲ್ಲಿ ನಿಂತು ಕಡ್ಲೆಮಿಠಾಯಿಗೆ ದುಡ್ಡು ಕೇಳಿ ಅತ್ತಿದ್ದೆ. ಮನೆಯಲ್ಲಿ ಒಂದು ಕಾಸೂ ಇರಲಿಲ್ಲ. ಆಕೆ ಯಾರೋ ಬಿಸಾಡಿದ್ದ ಟಿಕೆಟ್ಟಿನ ಹಿಂದೆ "5" ಎಂದು ಬರೆದು, ಸೊನ್ನೆ ಸುತ್ತಿ, "ಬಾಕಿ ಕಣಮ್ಮ, ಸಂಬಳದ ದಿನ ಈಸ್ಕೊ" ಎಂದು ನನ್ನ ಕೈಗೆ ಕೊಟ್ಟಿದ್ದಳು. ಸಂಬಳದ ದಿನ ಮರೆಯದೆ ನಾಣ್ಯ ಕೊಟ್ಟು, ಆ ಸೊನ್ನೆಗೆ ಅಡ್ಡಗೀಟು ಎಳೆದಳು. ಕಡ್ಲೆಮಿಠಾಯಿ ನಾನು ತಿನ್ನಲೇ ಇಲ್ಲ. ಟಿಕೆಟ್ಟು, ನಾಣ್ಯ ಎರಡನ್ನೂ ಆಕೆಯ ಕೈಗಿಟ್ಟೆ.

ಚಿಕ್ಕಮ್ಮ ಟಿಕೆಟ್ಟನ್ನು ಕಣ್ಣಿನ ಹತ್ತಿರ ಹಿಡಿದಳು. ಬರಹ ಮಾಸಿದೆ, ಆದರೆ ಗೀಟು ಕಾಣುತ್ತದೆ. ಅಂಗೈಯಲ್ಲಿ ನಾಣ್ಯವನ್ನು ತೂಗಿದಳು.

"ಯಾಕೆ ಖರ್ಚು ಮಾಡ್ನಿಲ್ಲ ಮಗಾ?"

"ನೀನು ಕೊಟ್ಟಿದ್ದು. ಹೇಗೆ ಖರ್ಚು ಮಾಡಲಿ?"

ಆಕೆ ಮೂಗು ಒರೆಸಿಕೊಂಡು, "ಓಹೋ, ಅದ್ಕೇ ಓಡಲ್ಲ ಇವು. ನಿನ್ನ ಗಂಡನ್ಗೆ ಹೇಳು, ಸ್ಟಾಪು ಸಿಕ್ತು ಅಂತ" ಅಂದಳು.

"ಬಂತಲ್ಲ ಚಿಕ್ಕಮ್ಮ, ನೀನು ಕೊಟ್ಟಿದ್ದು. ತಿರುಗಿ ನಿನ್ನ ಕೈಗೆ" ಎಂದೆ.

"ಬಂತು. ಇದು ಖೋಟಾ ಅಲ್ಲ" ಎಂದಳು. ಸೀಟಿನ ಮೇಲಿಂದ ಕೈ ಚಾಚಿ, ನಾಣ್ಯವನ್ನು ನನ್ನ ಅಂಗೈಗೆ ತುರುಕಿ, ನನ್ನ ಬೆರಳುಗಳನ್ನು ತಾನೇ ಮಡಿಸಿದಳು.

"ಇಬ್ರಿಗೂ ಸೇರಿ ಕನೆ ಇದು. ಇಳಿದ್ಮೇಲೆ ಹಂಚ್ಕಳಣ."

ಆಮೇಲೆ ಸೀಟಿಗೆ ಒರಗಿ "ರೈಈಟ್" ಅಂದಳು. ನನಗೆ ಕಣ್ಣು ತುಂಬಿ ಮುಂದಿನದೇನೂ ಕಾಣುತ್ತಿರಲಿಲ್ಲ. ಆಕೆ ಎರಡನೆಯ ಸಲ ಹೇಳಿದ ಮೇಲೆ ಗಾಡಿ ತೆಗೆದೆ.